ದಿನಾ ಒಮ್ಮೆ ಕದಡಿ

ಗ್ಲಾಸು ತುಟಿಗೆ ತಾಗಿದ ಕೂಡಲೇ ಬೆಟ್ಟಿಗೆ ಗೊತ್ತಾಯಿತು, ವೈನ್ ಪೂರ್ತಿ ಹುಳಿಯಾಗಿ ವಿನೆಗರ್ ಆಗಿತ್ತು. ಎದುರಿಗೆ ತನಿಯಪ್ಪ ಕೈಕಟ್ಟಿ ನಿಂತಿದ್ದ. ಜನ್ಮದಲ್ಲಿ ಒಂದು ಹನಿ ಕುಡಿಯದವನು, ಮೊದಲ ಸಲ ಅಡುಗೆ ಮಾಡಿ ಬಡಿಸಿದವನಂತೆ ಅವಳ ಮುಖವನ್ನೇ ನೋಡುತ್ತಿದ್ದ.

ಹತ್ತು ತಿಂಗಳ ಹಿಂದೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ, ಮಕ್ಕಳನ್ನು ಕಟ್ಟಿಕೊಂಡು ಜೋರ್ಡಾನಿನ ಬಸ್ಸು ಹತ್ತುವ ಗಡಿಬಿಡಿಯಲ್ಲಿ, ಅವಳು ಈ ಭರಣಿಯನ್ನು ರಿಗ್ಗೈ ಬಡಾವಣೆಯಲ್ಲೇ ಉಳಿದ ಪಕ್ಕದ ಮನೆಯ ತನಿಯಪ್ಪನಿಗೆ ಒಪ್ಪಿಸಿದ್ದಳು. ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹಿಸುಕಿ, ಸಕ್ಕರೆ, ಯೀಸ್ಟ್ ಹಾಕಿ ಆಗ ಎರಡೇ ದಿನವಾಗಿತ್ತು. ಒಳ್ಳೆಯ ವೈನಿಗೆ ತಂಪು ಜಾಗವೇ ಬೇಕು ಎಂದು ಹಡಗಿನಲ್ಲಿ ಕೆಲಸಕ್ಕಿದ್ದ ಅಣ್ಣ ಹೇಳುತ್ತಿದ್ದುದು ನೆನಪಾಗಿ, ಮುಚ್ಚಳಕ್ಕೆ ಚೀಟಿ ಅಂಟಿಸಿದ್ದಳು: ‘ತಂಪಾಗಿಡಿ. ದಿನಾ ಒಮ್ಮೆ ಕದಡಿ.’ ಇಪ್ಪತ್ತೊಂದನೆಯ ದಿನ ಸೋಸಿ ಬಾಟಲಿಗೆ ತುಂಬಬೇಕೆಂದು ಬರೆಯಲು ಮರೆತಿದ್ದಳು. ಯುದ್ಧ ಮುಗಿದು ಈಗ ಮರಳಿ ಬಂದಿದ್ದಳು.

“ಎಷ್ಟು ದಿನ ಅಂತ ನೀವು ಬರೀಲಿಲ್ಲ ಬೆಟ್ಟಿಬಾಯಿ, ಅದಕ್ಕೆ ನಾನು ನಿಲ್ಲಿಸ್ಲಿಲ್ಲ” ಎಂದ ತನಿಯಪ್ಪ. “ಕರೆಂಟು ಹೋದ ಮೇಲೆ ಒದ್ದೆ ಗೋಣಿ ಸುತ್ತಿದೆ. ನೀರಿಗೆ ತತ್ವಾರ ಆದಾಗ ಮುಖ ತೊಳೆದ ನೀರನ್ನೇ ಗೋಣಿಗೆ ಹಾಕಿದೆ. ಭರಣಿ ಇದ್ರೆ ನೀವು ಬಂದೇ ಬರ್ತೀರಿ ಅಂತ ನಂಗೆ. ಹೇಗುಂಟು?”

ಭರಣಿಯ ಪಕ್ಕದಲ್ಲಿದ್ದ ಮರದ ಸೌಟು ಹಿಡಿಯವರೆಗೂ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆಟ್ಟಿ ಅದನ್ನೊಮ್ಮೆ ನೋಡಿದಳು. ಆಮೇಲೆ ಗ್ಲಾಸನ್ನು ಒಂದೇ ಗುಟುಕಿಗೆ ಬರಿದು ಮಾಡಿ, ಅವನ ಮುಂದೆ ಚಾಚಿದಳು.

“ಇನ್ನೂ ಸ್ವಲ್ಪ ಹಾಕಿ, ತನಿಯಪ್ಪಣ್ಣ.”