ಇದೇ ಕುರ್ಚಿಯಲ್ಲಿ ನೂರುಕಾಲ

ಕಾಗದದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕರೆಂಟ್ ಆಫೀಸಿನ ಸೆಕ್ಷನ್ ಆಫೀಸರ್ ಜ್ಞಾನೇಶನ ಮುಖ ಸಪ್ಪಗಾಯಿತು. ಮತ್ತೊಮ್ಮೆ ಮೊದಲಿಂದ ಓದಿದ. ‘ಮಹಾರಾಜರಾಜಶ್ರೀ ಸಾಹೇಬರ ಸನ್ನಿಧಿಗೆ ರೇವಣಸಿದ್ದಯ್ಯ ಮಾಡುವ ಶರಣು ಶರಣಾರ್ಥಿ. ಉಭಯ ಕುಶಲೋಪರಿ ಸಾಂಪ್ರತ’ ಎಂಬಲ್ಲಿವರೆಗೆ ಎಲ್ಲವೂ ಸರಿಯಾಗಿತ್ತು. ಕೊನೆಯಲ್ಲಿ ಮಾತ್ರ, ‘ಬರುವ ದಿನಗಳಲ್ಲಿ ತಮಗೆ ಯಾವ ವರ್ಗವೂ ಬಾರದೆ, ಇದೇ ಊರಿನಲ್ಲಿ, ಇದೇ ಕುರ್ಚಿಯಲ್ಲಿ ನೂರುಕಾಲ ಸುಖವಾಗಿರಲೆಂದು ಹಾರೈಸುತ್ತೇನೆ’ ಎಂದಿತ್ತು.

“ಏನ್ರೀ ಯಜಮಾನ್ರ, ಇದು ಹಾರೈಕಿನೋ ಶಾಪಾನೋ?”

“ಹಾರೈಕೆ ಕಣ್ರೀ ಸ್ವಾಮಿ. ಒಂದು ಕೆಟ್ಟ ಮಾತಿದ್ರೆ ತೋರ್ಸಿ,” ಎಂದ ರೇವಣಸಿದ್ದಯ್ಯ, ಎದುರಿನ ಬೆಂಚಿನ ಮೇಲೆ ಟವೆಲು ಹಾಸಿಕೊಂಡು ಕೂರುತ್ತಾ.

ಕೆಟ್ಟ ಮಾತು ಬರೆಯುವ ಕೈ ಅದಲ್ಲ. ಕಾಗದ ಅಂದಮೇಲೆ ಮೊದಲು ಕ್ಷೇಮಸಮಾಚಾರ, ಆಮೇಲೆ ವಿಷಯ, ಕೊನೆಗೆ ಮುಂದಿನ ದಿನಗಳಿಗೊಂದು ಹಾರೈಕೆ ಇರಲೇಬೇಕು ಅಂತ ಅವನಿಗೆ ಅವನ ತಾತ ಕಲಿಸಿದ್ದ. ಸರ್ಕಾರಕ್ಕೆ ಬರೆಯುವ ಅರ್ಜಿಗೆ ಹಾರೈಕೆ ಬೇಡ ಅಂತ ತಾತನೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಮೂರು ವರ್ಷದಿಂದ ವಿಷಯ ಒಂದೇ: ಇವನ ತೆಂಗಿನ ತೋಟದ ನಡುವೆ ಹಾದುಹೋದ ಕರೆಂಟ್ ತಂತಿ ಜೋತುಬಿದ್ದು ಗರಿಗಳಿಗೆ ತಾಗುತ್ತಿದೆ. ಗಾಳಿ ಬಂದರೆ ಕಿಡಿ. ಕಾಯಿ ಕೀಳುವ ಕೆಂಪಯ್ಯ, “ನಾನು ಮರ ಹತ್ತೋನು, ಸ್ವರ್ಗ ಹತ್ತೋನಲ್ಲ,” ಅಂತ ಹದಿನೆಂಟು ಮರಗಳ ತಂಟೆಗೇ ಹೋಗುವುದನ್ನು ಬಿಟ್ಟಿದ್ದ. ಹೋದ ತಿಂಗಳು ಹೊತ್ತಿಕೊಂಡ ಗರಿಯೊಂದು ಹುಲ್ಲು ಕೊಯ್ಯುತ್ತಿದ್ದ ಇವನ ಹೆಂಡತಿ ಗುರುಸಿದ್ದಮ್ಮನಿಂದ ಮಾರುದೂರದಲ್ಲಿ ಬಿದ್ದಿತ್ತು. ಅವತ್ತಿನಿಂದ ಅವಳು ತೋಟಕ್ಕೆ ಹೋದರೆ ವಾಪಸ್ ಬರುವ ತನಕ ರೇವಣಸಿದ್ದಯ್ಯನ ಜೀವ ಜೀವದಲ್ಲಿ ಇರುತ್ತಿರಲಿಲ್ಲ.

ಎಡವಟ್ಟಾದದ್ದು ಅವನ ಹಾರೈಕೆಗಳಿಂದಲೇ. ಮೊದಲಿದ್ದ ಸಾಹೇಬರಿಗೆ ‘ಶೀಘ್ರದಲ್ಲೇ ಬಡ್ತಿ ದೊರೆಯಲಿ’ ಎಂದು ಬರೆದ. ಹದಿನೈದು ದಿನಕ್ಕೆ ಬಡ್ತಿ ಬಂತು, ಸಾಹೇಬರು ಹಾರ ಹಾಕಿಸಿಕೊಂಡು ಹೊರಟೇಹೋದರು. ಎರಡನೆಯವರಿಗೆ ‘ಸ್ವಂತ ಊರಿನ ಕಡೆ ಹೋಗುವ ಯೋಗ ಬರಲಿ’ ಎಂದು ಬರೆದ. ತಿಂಗಳೊಳಗೆ ಅವರೂ ಗಂಟುಮೂಟೆ ಕಟ್ಟಿದರು. ತಂತಿ ಮಾತ್ರ ಇನ್ನೊಂದು ಗೇಣು ಜೋತಿತ್ತು. ಈ ಯಜಮಾನರು ಬರೆದದ್ದು ಆಗೇ ಆಗುತ್ತದೆ ಅಂತ ಆಫೀಸಿನ ತುಂಬ ಸುದ್ದಿಯಾಗಿ, ಒಬ್ಬ ಲೈನ್‌ಮನ್ ತನ್ನ ತಂಗಿಗೆ ಗಂಡು ಸಿಗಲಿ ಅಂತ ಬರೆಸಿಕೊಂಡೂ ಹೋಗಿದ್ದ.

ಜ್ಞಾನೇಶ ಮೂರನೆಯವನು, ಹಾವೇರಿ ಕಡೆಯವನು. ಹೆಂಡತಿ ಅಲ್ಲಿ ಸರ್ಕಾರಿ ಶಾಲೆಯ ಟೀಚರು, ನಾಲ್ಕು ವರ್ಷದ ಮಗ ಅವಳ ಜೊತೆ. ಬಂದ ದಿನದಿಂದ ವರ್ಗಕ್ಕೆ ಅರ್ಜಿ ಗುಜರಾಯಿಸುತ್ತಿದ್ದವನಿಗೆ ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ರೇವಣಸಿದ್ದಯ್ಯನನ್ನು ಕರೆಸಿ, ಮೊದಲು ತನಗೊಂದು ಕಾಗದ ಬರೆದುಕೊಡಿ, ತಂತಿಯ ವಿಚಾರ ಆಮೇಲೆ ನೋಡೋಣ ಅಂದಿದ್ದ. ಲಂಚ ಕೇಳಿದ್ದರೆ ಬೈಯಬಹುದಿತ್ತು. ಆಶೀರ್ವಾದ ಕೇಳುವವನನ್ನು ಏನಂತ ಬೈಯುವುದು? ಅದಕ್ಕೇ ಬೈಯುವ ಬದಲು ಈ ಕಾಗದ ಬರೆದುಕೊಟ್ಟಿದ್ದ.

“ಇದನ್ನ ಹರದು ಒಗೀರಿ. ಬ್ಯಾರೆ ಬರೀರಿ.”

“ದೇವ್ರ ಹೆಸ್ರು ಹಾಕಿ ಬರೆದಿದ್ದನ್ನ ಹರಿಯಾಕಾಗಲ್ಲ ಸ್ವಾಮಿ. ತಂತಿ ಸರಿಯಾದ ದಿನ ಇನ್ನೊಂದು ಬರೀತೀನಿ, ಅದು ಇದನ್ನ ಹೊಡ್ದಾಕ್ತದೆ.”

ಜ್ಞಾನೇಶ ಕಾಗದವನ್ನು ಅವನ ಕಡೆಗೆ ತಳ್ಳಿದ. ಮೇಜಿನ ಗಾಜಿನಡಿ ಇಟ್ಟಿದ್ದ ಮಗನ ಫೋಟೋ ರೇವಣಸಿದ್ದಯ್ಯನ ಕಣ್ಣಿಗೆ ಬಿತ್ತು. ಹಲ್ಲು ಬಿಟ್ಟು ನಗುತ್ತಿದ್ದ ಆ ಹುಡುಗನನ್ನು ನೋಡಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಎದ್ದು ಬರುವಾಗ ಕಾಗದವನ್ನು ಅಲ್ಲೇ ಬಿಟ್ಟುಬಂದ.

ಮೂರನೇ ದಿನ ಬೆಳಿಗ್ಗೆ ಜೀಪು ಬಂತು, ಹಿಂದೆ ಟ್ರ್ಯಾಕ್ಟರಿನಲ್ಲಿ ನಾಲ್ಕು ಕಂಬ. ಜ್ಞಾನೇಶ ಸಂಜೆವರೆಗೂ ಬಿಸಿಲಿನಲ್ಲೇ ನಿಂತು, ಲೈನ್‌ಮನ್‌ಗಳಿಗೆ ಉಸಿರಾಡಲೂ ಬಿಡದೆ ತಂತಿಯನ್ನು ಬದುವಿನ ಆಚೆಗೆ ಎಳೆಸಿದ. ದಾರಿಯಲ್ಲಿ ಕಂಡ ಕೊಳೆತ ಕಂಬವನ್ನೂ ಯಾರೂ ಕೇಳದೆಯೇ ಬದಲಾಯಿಸಿಬಿಟ್ಟ. ಗುರುಸಿದ್ದಮ್ಮ ಕೊಟ್ಟ ಮಜ್ಜಿಗೆ ಕುಡಿದು, ಹೊರಡುವಾಗ ರೇವಣಸಿದ್ದಯ್ಯನ ಕೈ ಹಿಡಿದು, “ಮರೀಬ್ಯಾಡ್ರಿ,” ಅಂದ. ಮಾರನೆಯ ದಿನ ಕೆಂಪಯ್ಯ ಹದಿನೆಂಟೂ ಮರ ಹತ್ತಿದ. ಗುರುಸಿದ್ದಮ್ಮ ತೋಟದಲ್ಲಿ ತಲೆಯೆತ್ತದೆ ಹುಲ್ಲು ಕೊಯ್ದಳು. ಅದನ್ನು ನೋಡುತ್ತಾ ರೇವಣಸಿದ್ದಯ್ಯ ಬದುವಿನ ಮೇಲೆ ಟವೆಲು ಹಾಸಿಕೊಂಡು ಕೂತ.

ಕೊಟ್ಟ ಮಾತು ಅಂದರೆ ಮಾತು. ಅವತ್ತೇ ಜಗಲಿಯಲ್ಲಿ ಕೂತು ಇನ್‌ಲ್ಯಾಂಡ್ ಲೆಟರ್ ಬಿಡಿಸಿ ಬರೆಯತೊಡಗಿದ. ಕ್ಷೇಮ ಮುಗಿದು, ಕೃತಜ್ಞತೆ ಮುಗಿದು, ಹಾರೈಕೆಯ ಸಾಲಿಗೆ ಬರುವಾಗ ಗುರುಸಿದ್ದಮ್ಮ ಕಾಫಿ ತಂದಳು. ಯಾರಿಗೆ, ಏನು ಅಂತ ಕೇಳಿ ತಿಳಿದುಕೊಂಡಳು.

“ನಮ್ಮ ಕಾಲ್ದಲ್ಲಿ ಬಿಸ್ಲಲ್ಲಿ ನಿಂತು ಕೆಲ್ಸ ಮಾಡ್ಸಿದ ಸಾಹೇಬ ಇವನೊಬ್ಬನೇ. ಅವನ್ನೂ ಸಾಗಾಕ್ತೀರಾ? ಬುಡಿ ಅತ್ಲಾಗೆ.”

“ಮಾತು ಕೊಟ್ಟಿವ್ನಿ ಕಣೇ. ಹೆಂಡ್ತಿ ಮಗ ಒಂದ್ಕಡೆ, ಇವನೊಂದ್ಕಡೆ. ಆ ಮಗೀನ ಮಕ ನೋಡಿದ್ರೆ ಹೊಟ್ಟೆ ಉರೀತದೆ.”

ಗುರುಸಿದ್ದಮ್ಮ ಕಾಫಿ ಲೋಟವನ್ನು ಅವನ ಪಕ್ಕಕ್ಕಿಟ್ಟು ಜಗಲಿಯ ಕಂಬಕ್ಕೊರಗಿದಳು.

“ಹಂಗಾದ್ರೆ ಆ ಹೆಂಡ್ತೀಗೇ ಇಲ್ಲಿಗೆ ವರ್ಗ ಆಗ್ಲಿ ಅಂತ ಬರೀರಿ. ಹೆಂಗೂ ನಮ್ಮೂರ ಇಸ್ಕೂಲ್ಗೆ ಟೀಚರಿಲ್ಲ.”