ಸಂದಿಲ್ಲದ ಬಲೂನು

ಆಸಿಫ್ ನಳಿಗೆಯ ಬೋಲ್ಟು ಬಿಗಿದು, ಬಲೂನು ಹೊಡೆಯುವ ಛರ್ರಾ ಬಂದೂಕನ್ನು ಒಮ್ಮೆ ಮಡಚಿ, ಒಳಗೊಂದು ಛರ್ರಾ ಗುಂಡಿಟ್ಟು ನೆಟ್ಟಗೆ ಮಾಡಿ, ಮಹಾಂತಯ್ಯನ ಕೈಗಿಟ್ಟ. "ಬೋಣಿ ನಿಮ್ದೇ, ಯಪ್ಪಾ."

ಆ ನಳಿಗೆ ಮಹಾಂತಯ್ಯನ ಬಂದೂಕಿನದೇ; ಅವನೂ ಮೊದಲು ಬಲೂನಂಗಡಿ ಇಡುತ್ತಿದ್ದವನು. ಆಸಿಫನ ನಳಿಗೆ ಬಾಗಿ ಬಲೂನಂಗಡಿ ನಿಂತಿದೆಯೆಂದು ಕೇಳಿ, ತನ್ನದನ್ನು ಬಿಚ್ಚಿಕೊಂಡು ಮಾನ್ವಿಯಿಂದ ಬಸ್ಸಿನಲ್ಲಿ ತಂದಿದ್ದ.

"ಬ್ಯಾಡಪ್ಪ, ನನ್ನ ಕೈ ನಡಗತಾವು. ಅದಕ್ಕ ನಿನಗ ಕೊಟ್ಟೀನಿ."

ಅಷ್ಟರಲ್ಲಿ ಆಸಿಫನ ಹೆಂಡತಿ ಸೂಫಿಯಾ ಬಲೂನಿನ ಹಲಗೆ ತಂದು ಮನೆಯ ಗೋಡೆಗೆ ಒರಗಿಸಿದಳು. ಅಂಗಡಿಯಲ್ಲಿ ಗಿರಾಕಿಗಳ ಗುರಿ ತಪ್ಪಲೆಂದು ಬಲೂನುಗಳ ನಡುವೆ ಅಂಗೈಯಗಲ ಸಂದು ಬಿಡುವವಳು, ಇವತ್ತು ಒಂದಕ್ಕೊಂದು ಒತ್ತಿ ಕಟ್ಟಿದ್ದಳು. ಬೆರಳು ತೂರಿಸಲೂ ಜಾಗವಿರಲಿಲ್ಲ.

ಮಹಾಂತಯ್ಯ ನಕ್ಕ. "ಹಿಂಗ ಕಟ್ಟಿದ್ರ ಯಾಪಾರ ಆಗತದೇನವ್ವಾ?"

"ನಿಮ್ಮ ಕೂಡ ಎಂಥಾ ಯಾಪಾರ, ಯಪ್ಪಾ. ಹೊಡೀರಿ."

ನಡುಗುವ ಕೈಯಲ್ಲೇ ಅವನು ಟ್ರಿಗರ್ ಎಳೆದ. ಒಂದೇ ಛರ್ರಾಕ್ಕೆ ಎರಡು ಬಲೂನು ಒಡೆದವು.