ಕಬ್ಬಿನಂಥ ದಂಟು

ಲೋಕಾಪುರದ ರಸ್ತೆಯಲ್ಲಿ ಹಸಿ ಜೋಳದ ಮೇವು ಹೇರಿದ ಟ್ರ್ಯಾಕ್ಟರ್ ಹಾದುಹೋದರೆ, ಆ ವಾಸನೆಗೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ಅಪ್ಪ ತೀರಿದ ಮೇಲೆ ಹೊಲ ದೊಡ್ಡಪ್ಪನ ಕೈಯಲ್ಲಿತ್ತು. ದಟ್ಟವಾಗಿ ಬಿತ್ತಿದ್ದ ಕಡೆ ಮೇವಿನ ಜೋಳ ಕಿರುಬೆರಳಿನಷ್ಟು ಸಣ್ಣ ದಂಟಿನದು, ಮೈತುಂಬ ಎಲೆ. ಅದು ಅವನ ಎಮ್ಮೆಗಳಿಗೆ. ದೂರ ದೂರ ಬಿತ್ತಿದ್ದ ಅಂಚಿನ ಸಾಲುಗಳು ನಮಗೆ.

"ನೋಡವಾ, ಕಬ್ಬಿನಂಥಾ ದಂಟು ನಿನಗ ಬಿಟ್ಟೇನಿ," ಎಂದಿದ್ದ ಅವ್ವನಿಗೆ.

ನಮ್ಮ ಎಮ್ಮೆ ಎಲೆಯಷ್ಟೇ ತಿಂದು, ಕಟ್ಟಿಗೆಯಂತೆ ಗಟ್ಟಿಯಾದ ದಂಟನ್ನು ಗೋದಲಿಯಲ್ಲೇ ಬಿಟ್ಟಿತು. ಹಾಲು ಕಡಿಮೆಯಾಯಿತು. ಅವ್ವ ದಂಟು ಒಣಗಿಸಿ ಒಲೆಗೆ ಹಚ್ಚಿದಳು.

ಒಂದು ಮಧ್ಯಾಹ್ನ ದೊಡ್ಡಪ್ಪ ಬಂದ. ಅದೇ ಬೆಂಕಿಯಲ್ಲಿ ಅವ್ವ ಚಹಾ ಕಾಸಿಕೊಟ್ಟಳು. ಒಂದು ಗುಟುಕಿಗೇ ಮುಖ ಕಿವುಚಿದ.

"ಮನ್ಯಾಗ ಎಮ್ಮಿ ಕಟ್ಕೊಂಡು ಹಾಲಿಗೆ ಇಷ್ಟ್ಯಾಕ ಜಿಪುಣತನ ಮಾಡ್ತಿಯವಾ?"

ಅವ್ವ ಇನ್ನೊಂದು ದಂಟನ್ನು ಲಟಕ್ಕನೆ ಮುರಿದು ಒಲೆಗಿಟ್ಟಳು.